ಗಂಡು ಪ್ರಾಣಿಗೆ ಪ್ರವೇಶವಿಲ್ಲ

ಜುಲೈ 8, ಸೋಮವಾರ

ಈ ಕಟ್ಟಡದಲ್ಲಿ ಗಂಡು ಜಾತಿಗೆ ಸೇರಿದ ಒಂದು ಜೀವವೂ ಇಲ್ಲ ಎಂದು ಇವತ್ತು ಬೆಳಿಗ್ಗೆಯವರೆಗೂ ಎದೆ ತಟ್ಟಿಕೊಂಡು ಹೇಳುತ್ತಿದ್ದೆ. ಈಗ ಹೇಳಲಾರೆ. ಎರಡನೇ ಮಹಡಿಯ ರುಖ್ಸಾರ್ ಎಂಬ ಹುಡುಗಿಯ ಕೋಣೆಯಲ್ಲಿ, ಕಿಟಕಿ ಪರದೆಯ ಹಿಂದೆ, ಉಪ್ಪಿನಕಾಯಿ ಜಾಡಿಯಂಥ ಗಾಜಿನ ಜಾಡಿಯೊಳಗೆ ಒಂದು ಮೀನು ಸಿಕ್ಕಿದೆ. ಕಂದುಗೆಂಪು ಬಣ್ಣ, ಹೆಬ್ಬೆರಳಿನಷ್ಟು ಉದ್ದ.

"ಏನಿದು?" ಅಂದೆ.

"ಫೈಟರ್ ಮೀನು ಮೇಡಮ್. ಹೆಸರು ಜಾಮೂನು."

"ಗಂಡೋ, ಹೆಣ್ಣೋ?"

ಹೊರಗಿನವರು ಕೇಳಿಸಿಕೊಂಡರೆ ನನಗೆ ತಲೆ ಕೆಟ್ಟಿದೆ ಅಂದುಕೊಂಡಾರು. ಆದರೆ ಈ ಲೇಡೀಸ್ ಪಿಜಿಯಲ್ಲಿ ಮೊದಲ ಪ್ರಶ್ನೆಯೇ ಅದು. ಓನರ್ ಪಟಾಲಮ್ಮನವರು ಕೊಡಿಗೇಹಳ್ಳಿಯ ಹಳೇ ಕುಳ. ತಮ್ಮ ರಾಗಿ ಹೊಲದಲ್ಲಿ ನಾಲ್ಕು ಮಹಡಿ ಎಬ್ಬಿಸಿದ್ದಾರೆ. ಮಗಳನ್ನು ಬಿಡಲು ಬರುವ ಪ್ರತಿ ಅಪ್ಪನನ್ನೂ ಗೇಟಿನ ಹೊರಗೇ ನಿಲ್ಲಿಸಿ, ಗ್ರಾಮದೇವತೆಯ ಪಟವನ್ನು ಅಲ್ಲಿಗೇ ತಂದು, ಕರ್ಪೂರ ಹಚ್ಚಿ ಆಣೆ ಇಡುತ್ತಾರೆ: "ಈ ಕಟ್ಟಡದಾಗೆ ಒಂದ್ ಗಂಡ್ ಪ್ರಾಣಿನೂ ಇರಾಕಿಲ್ಲ." ಅಪ್ಪಂದಿರು ಕಣ್ಣಿಗೆ ಒತ್ತಿಕೊಂಡು ಹೋಗುತ್ತಾರೆ. ಕೆಲಸಕ್ಕೆ ಬಂದವರು ಮಾತ್ರ ಗಂಡಸರ ಲೆಕ್ಕಕ್ಕಿಲ್ಲ. ಪ್ಲಂಬರ್, ಕರೆಂಟಿನವನು, ಸಿಲಿಂಡರ್‌ನವನು. ಅವರೂ ಗೇಟಿನಲ್ಲಿ ನಿಂತು "ಏನ್ ಕೆಲ್ಸ?" ಎಂಬುದಕ್ಕೆ ಉತ್ತರ ಕೊಟ್ಟೇ ಒಳಗೆ ಬರಬೇಕು. ಪಟಾಲಮ್ಮನವರ ಗಂಡ ಚಿಕ್ಕಬೈರಪ್ಪನವರಿಗೆ ಯಾವ ಕೆಲಸವೂ ಇಲ್ಲ. ಆದ್ದರಿಂದ ಪಾಪ, ತಮ್ಮದೇ ಹೊಲದ ಮೇಲೆ ಎದ್ದ ಕಟ್ಟಡವನ್ನು ಎದುರಿನ ಟೀ ಅಂಗಡಿಯ ಪ್ಲಾಸ್ಟಿಕ್ ಕುರ್ಚಿಯಿಂದ ನೋಡುತ್ತಾ ಕೂರುತ್ತಾರೆ.

ನನಗಿಂತ ಮುಂಚೆ ವಾರ್ಡನ್ ಆಗಿದ್ದ ಬೈರಮ್ಮ ಒಂದು ಬೆಕ್ಕಿಗೆ ಹಾಲು ಹಾಕಿದ್ದಳು. ಅದು ಗಂಡು ಬೆಕ್ಕು ಎಂದು ಗೊತ್ತಾದ ದಿನವೇ ಬೆಕ್ಕು, ಬೈರಮ್ಮ ಇಬ್ಬರೂ ಹೊರಗೆ. ನನಗೂ ಅದೇ ಗತಿಯಾದರೆ ಹೋಗಲು ಇರುವ ಜಾಗ ಒಂದೇ, ಬಾಗಲಗುಂಟೆಯ ಅಣ್ಣನ ಮನೆ. ಅಲ್ಲಿ ಗ್ರೈಂಡರ್ ಪಕ್ಕ ನನ್ನ ಮಂಚ ಇನ್ನೂ ಇದೆ. ಇಲ್ಲಿ ನನ್ನ ಕೋಣೆಗೆ ಒಳಗಿನಿಂದ ಚಿಲಕ ಇದೆ. ನಲವತ್ತೇಳು ವರ್ಷಕ್ಕೆ ಸಿಕ್ಕ ಮೊದಲನೇ ಚಿಲಕ ಅದು. ಒಂದು ಮೀನಿಗೋಸ್ಕರ ನಾನು ಅದನ್ನು ಕಳೆದುಕೊಳ್ಳುವುದಿಲ್ಲ.

ಜುಲೈ 9, ಮಂಗಳವಾರ

ನಿಯಮ ಅಂದಮೇಲೆ ನಿಯಮ. ನಾನೇ ಹೋಗಿ ಪಟಾಲಮ್ಮನವರಿಗೆ ಹೇಳಿದೆ. ರುಖ್ಸಾರ್ ಅತ್ತಳು. ಅಳಲಿ, ಈ ಹುಡುಗಿಯರಿಗೆ ಅಳುವುದಕ್ಕೆ ಏನು ಬೇಕು? ಮೊನ್ನೆ ಒಬ್ಬಳು ಇಂಟರ್ನೆಟ್ ಹೋಯಿತೆಂದು ಅತ್ತಿದ್ದಳು.

ಪಟಾಲಮ್ಮನವರು ಕನ್ನಡಕ ಹಾಕಿಕೊಂಡು ಜಾಡಿಯ ಸುತ್ತ ಒಂದು ಪ್ರದಕ್ಷಿಣೆ ಬಂದರು.

"ಎಣ್ಣಾ ಇದು?"

"ಹೆಣ್ಣು ಅಂತಲೇ ಅಂಗಡಿಯವ್ರು ಕೊಟ್ಟಿದ್ದು ಆಂಟಿ, ನಾನು ಕೇಳಿ ಕೇಳಿ ತಗೊಂಡೆ," ಎಂದಳು ರುಖ್ಸಾರ್.

"ಅಂಗ್ಡಿಯವ್ನು ಏಳಿದ್ರೆ ದೇವ್ರು ಒಪ್ತಾಳಾ? ಭಾನ್ವಾರ ತಾನೇ ಆ ತಿಪಟೂರಿನವ್ರಿಗೆ ಆಣೆ ಇಟ್ಟಿವ್ನಿ. ಇದು ಗಂಡಾಗಿದ್ರೆ ನಾನಿಟ್ಟಿದ್ದು ಸುಳ್ಳಾಣೆ ಆಯ್ತದೆ. ನಂಗೇನಾರಾ ಆದ್ರೆ ಯಾರ್ ಒಣೆ?" ಎಂದವರು ನನ್ನ ಕಡೆ ತಿರುಗಿದರು. "ಆಸಾಡ್ದಾಗೆ ಯಾರ್ನೂ ಮನೆ ಕಾಲಿ ಮಾಡ್ಸಬಾರ್ದು. ಮೀನಾದ್ರೂ ಅಷ್ಟೇಯ, ವಾರ್ಡನ್ ಆದ್ರೂ ಅಷ್ಟೇಯ. ಸ್ರಾವಣ ಉಟ್ಟೋದ್ರೊಳಗೆ ಗಂಡೋ ಎಣ್ಣೋ ನೀನೇ ತಿಳ್ಕೊಂಡು ಏಳು ಶಾಂತಮ್ಮ. ಗಂಡಾದ್ರೆ ಮೀನಿನ್ ಜೊತೆ ನೀನೂ ಒಲ್ಡು."

ಅಲ್ಲಿಯವರೆಗೆ ಮೀನು ನನ್ನ ಸುಪರ್ದಿಯಲ್ಲಿರಬೇಕಂತೆ. ತಂದು ಮೇಜಿನ ಮೇಲಿಟ್ಟೆ. ಚಿಲಕ ಹಾಕಿದೆ. ಮೊದಲ ಬಾರಿಗೆ ಚಿಲಕ ಹಾಕಿದ ಮೇಲೂ ಕೋಣೆಯಲ್ಲಿ ಇನ್ನೊಬ್ಬರಿದ್ದಾರೆ ಅನ್ನಿಸಿತು. ಬಟ್ಟೆ ಬದಲಾಯಿಸುವಾಗ ಜಾಡಿಗೆ ಟವೆಲ್ ಹೊದಿಸಿದೆ. ಗಂಡೋ ಹೆಣ್ಣೋ ತೀರ್ಮಾನ ಆಗುವವರೆಗೆ ಎಚ್ಚರಿಕೆ ಒಳ್ಳೆಯದು.

ಜುಲೈ 11, ಗುರುವಾರ

ಅಣ್ಣ ಫೋನ್ ಮಾಡಿದ. ಪಟಾಲಮ್ಮನವರಿಗೆ ಶಾಂತಮ್ಮ ಆದರೂ ಅವನಿಗೆ ನಾನು ಶಾಂತಲಾ. ಎಂದಿನಂತೆ ಎದ್ದು ನಿಂತೇ ಮಾತಾಡಿದೆ. ಮೀನಿನ ವಿಷಯ ಬಾಯಿ ತಪ್ಪಿ ಹೇಳಿಬಿಟ್ಟೆ.

"ಏನೇ ಶಾಂತಲಾ, ಬೆಂಗ್ಳೂರಲ್ಲಿ ಮೀನು ಕಾಯೋ ಕೆಲ್ಸ ಸಿಕ್ತಾ ನಿಂಗೆ?" ಎಂದು ನಕ್ಕ. ಬಾಗಲಗುಂಟೆ ಬೆಂಗಳೂರಲ್ಲದೆ ಇನ್ನೇನು? "ನಾನ್ ಹೇಳಿರ್ಲಿಲ್ವಾ, ನಾಕ್ ತಿಂಗ್ಳು ನಿಂಗೆ ಆಗಲ್ಲ ಅಂತ? ನಿಮ್ಮತ್ಗೆಗೂ ಒಬ್ಳೇ ಆಗ್ತಿಲ್ಲ. ಶ್ರಾವಣ ಬರ್ಲಿ, ನಾನೇ ಬಂದು ಕರ್ಕೊಂಡ್ ಹೋಗ್ತೀನಿ."

ಹೂಂ ಅಂದೆ. ಅಣ್ಣ ಹೇಳಿದ್ದಕ್ಕೆ ಹೂಂ ಅನ್ನದೆ ಇರುವುದು ಹೇಗೆಂದು ನನಗೆ ಗೊತ್ತಿಲ್ಲ.

ಮೀನು ಅಷ್ಟೂ ಹೊತ್ತು ನನ್ನನ್ನೇ ನೋಡುತ್ತಿತ್ತು. ಅದಕ್ಕೆ ರೆಪ್ಪೆ ಇಲ್ಲ, ಪಾಪ, ನೋಡದೆ ಇನ್ನೇನು ಮಾಡೀತು.

ಜುಲೈ 13, ಶನಿವಾರ

ಆರ್.ಟಿ. ನಗರಕ್ಕೆ ಹೋಗಿ ಬಂದೆ. ಮೀನು ಮಾರಿದ ಖುದ್ದೂಸ್ ಸಾಹೇಬರ ಅಂಗಡಿ ಬಸ್‌ಸ್ಟಾಪಿನಿಂದ ಎರಡು ತಿರುವು. ರುಖ್ಸಾರ್ ಫೋನಿನಲ್ಲಿ ತೆಗೆದುಕೊಟ್ಟ ಜಾಮೂನಿನ ಫೋಟೊ ತೋರಿಸಿದೆ.

"ನೋಡಿ ಅಮ್ಮಾ, ಭಾಳ ಸುಲಭ. ಉದ್ದ ರೆಕ್ಕೆ ಇದ್ರೆ ಗಂಡು, ಗಿಡ್ಡ ರೆಕ್ಕೆ ಇದ್ರೆ ಹೆಣ್ಣು."

"ಇದಕ್ಕೆ ಗಿಡ್ಡ ರೆಕ್ಕೆ. ಹಾಗಾದ್ರೆ ಹೆಣ್ಣು," ಎಂದೆ. ನನಗೆ ಜೀವ ಬಂದಿತು.

"ಹಾಂ. ಆದ್ರೆ ಇದು ಗಿಡ್ಡ ರೆಕ್ಕೆ ಜಾತಿನೇ ಅಲ್ವಾ? ಈ ಜಾತೀಲಿ ಗಂಡಿಗೂ ಗಿಡ್ಡನೇ ಇರ್ತದೆ."

"ಮತ್ತೆ ಹೇಗೆ ಹೇಳೋದು?"

"ಗಡ್ಡ! ಕೋಪ ಬಂದ್ರೆ ಕಿವಿರು ಬಿಚ್ಕೊಂಡು ಕೆಳಗಡೆ ಗಡ್ಡ ಬಿಡ್ತದೆ, ಅದು ಗಂಡು. ಕನ್ನಡಿ ತೋರ್ಸಿ, ಗೊತ್ತಾಗೋಗ್ತದೆ. ಹೆಣ್ಣಿಗೂ ಗಡ್ಡ ಇರ್ತದೆ, ಸ್ವಲ್ಪ."

"ಸ್ವಲ್ಪ ಅಂದ್ರೆ ಎಷ್ಟು?"

"ಗಂಡಿಗಿಂತ ಕಡಿಮೆ ಅಮ್ಮಾ." ಸಾಹೇಬರು ತಮ್ಮ ಗಡ್ಡವನ್ನೇ ನೀವಿಕೊಂಡರು. "ಇನ್ನೊಂದು, ಹೊಟ್ಟೆ ಕೆಳಗೆ ಬಿಳಿ ಚುಕ್ಕೆ ಇದ್ರೆ ಹೆಣ್ಣು, ಮೊಟ್ಟೆ ಇಡೋ ಜಾಗ ಅದು. ಕೆಲವು ಸಲ ಎಳೇ ಗಂಡಿಗೂ ಇರ್ತದೆ. ನೀರ್ ಮೇಲೆ ನೊರೆ ಗುಳ್ಳೆ ಸೇರ್ಸಿ ಗೂಡು ಕಟ್ಟಿದ್ರೆ ಗಂಡು. ಮರಿ ಸಾಕೋದು ಅಪ್ಪನೇ ಇವರಲ್ಲಿ."

ಅಪ್ಪ ಮನೆ ಕಟ್ಟಿ ಮರಿ ಸಾಕುವ ಜಾತಿಯೂ ಇದೆಯೇ ಎಂದು ಆಶ್ಚರ್ಯವಾಯಿತು. ಕೊನೆಗೆ ಕೇಳಿದೆ, "ಹೋಗ್ಲಿ, ನೀವು ಮಾರುವಾಗ ಅದನ್ನ ಹೆಣ್ಣು ಅಂತ ಹೇಗೆ ಹೇಳಿದ್ರಿ?"

"ಆ ಹುಡ್ಗಿ ಹೆಣ್ಣು ಬೇಕು ಅಂತು. ಹೆಣ್ಣು ಅಂತ ಕೊಟ್ಟೆ."

"ಗಂಡು ಬೇಕು ಅಂದಿದ್ರೆ?"

"ಗಂಡು ಅಂತ ಕೊಡ್ತಿದ್ದೆ. ಚಿಕ್ಕದಿತ್ತು ಅಮ್ಮಾ ಅವಾಗ. ಅದಕ್ಕೇ ಇನ್ನೂ ಗೊತ್ತಿರ್ಲಿಲ್ಲ."

ಒಂದು ಡಬ್ಬಿ ಮೀನಿನ ಊಟ ತಂದೆ. ಸುಪರ್ದಿಯಲ್ಲಿ ಇರುವ ತನಕ ಉಪವಾಸ ಕೆಡವುವುದು ಸರಿಯಲ್ಲ, ಅಷ್ಟೇ.

ಜುಲೈ 15, ಸೋಮವಾರ

ಕನ್ನಡಿ ಪರೀಕ್ಷೆ ಆಯಿತು. ಪಟಾಲಮ್ಮನವರು ಕುರ್ಚಿ ಹಾಕಿಕೊಂಡು ಕೂತರು. ರುಖ್ಸಾರ್‌ಳ ರೂಮ್‌ಮೇಟ್ ನಯನಾ ಮೀನಿನ ಪರ ವಕೀಲೆಯಂತೆ ನಿಂತಳು. ಲಾ ಓದುತ್ತಾಳೆ, ಮಾತೆತ್ತಿದರೆ ಪುರಾವೆ ಅನ್ನುತ್ತಾಳೆ. ನಾನು ನನ್ನ ಕೈಗನ್ನಡಿ ಹಿಡಿದೆ. ಜಾಮೂನು ತನ್ನ ಬಿಂಬವನ್ನು ನೋಡಿತು. ಮದುವೆ ಮನೆಯಲ್ಲಿ ಸಾಲ ಕೇಳಿದ್ದ ನೆಂಟರನ್ನು ಕಂಡವರಂತೆ ಮುಖ ತಿರುಗಿಸಿ ಅತ್ತ ಹೋಯಿತು. ಮತ್ತೊಮ್ಮೆ ಹಿಡಿದೆ. ಮತ್ತೆ ಅತ್ತ.

"ಕೋಪಾನೇ ಇಲ್ಲ ಆಂಟಿ. ಹೆಣ್ಣೇ," ಎಂದಳು ನಯನಾ.

"ನೋಡಾಣ ತಡಿ," ಎಂದು ಪಟಾಲಮ್ಮನವರು ಜಾಡಿಗೆ ಮುಖ ಹತ್ತಿರ ತಂದರು. ಕಾಸಿನಗಲ ಕುಂಕುಮ, ಎರಡೂ ಕಡೆ ಮೂಗುತಿ. ಜಾಮೂನು ಗಕ್ಕನೆ ನಿಂತು, ರೆಕ್ಕೆಯನ್ನೆಲ್ಲ ಬಿಚ್ಚಿ, ಕಿವಿರು ಅಗಲಿಸಿ, ಕೆಳಗೆ ಕರ್ರನೆಯ ಗಡ್ಡ ಬಿಟ್ಟಿತು. ಪಟಾಲಮ್ಮನವರು ಹಿಂದಕ್ಕೆ ಹಾರಿದರು.

"ಗಂಡೇಯ! ಗಂಡೇಯ ಇದು! ನಮ್ಮೆಜಮಾನ್ರು ಸಿಟ್ಟು ಬಂದ್ರೆ ಇಂಗೇಯ ಮಾಡೋದು!"

"ಆಂಟಿ, ಹೆಣ್ಣಿಗೂ ಸ್ವಲ್ಪ ಗಡ್ಡ ಇರುತ್ತೆ ಅಂತ ತಜ್ಞರ ಹೇಳಿಕೆ ಇದೆ. ಇದು ಸ್ವಲ್ಪವೋ ಜಾಸ್ತಿಯೋ ಅಂತ ಅಳೆಯೋರು ಯಾರು?" ಎಂದಳು ನಯನಾ. "ಅಲ್ದೆ ನಿಮ್ಮನ್ನ ನೋಡಿದ್ರೆ ನಮ್ಗೂ ಒಂದೊಂದ್ಸಲ ಹಂಗಾಗುತ್ತೆ."

ನನಗೆ ನಗು ಬಂದುಬಿಟ್ಟಿತು. ಕೆಮ್ಮಿದಂತೆ ಮಾಡಿದೆ. ನಗುವಾಗ ಹಲ್ಲು ಕಾಣಬಾರದೆಂದು ಅತ್ತಿಗೆ ಹೇಳುತ್ತಿದ್ದಳು. ಕಂಡಿತೇನೋ.

ಜುಲೈ 16, ಮಂಗಳವಾರ

ಬಿಳಿ ಚುಕ್ಕೆ ಸಿಕ್ಕಿತು! ಹೊಟ್ಟೆಯ ಕೆಳಗೆ, ರವೆ ಕಾಳಿನಷ್ಟು. ಭೂತಗನ್ನಡಿಯಲ್ಲಿ ಪಟಾಲಮ್ಮನವರಿಗೂ ತೋರಿಸಿದೆ. ಅವರು ಬಹಳ ಹೊತ್ತು ನೋಡಿ, "ಎಣ್ಣು ಅಂಗಾದ್ರೆ," ಎಂದು ನಿಟ್ಟುಸಿರು ಬಿಟ್ಟರು. ಹೆಣ್ಣಾದ ಮೇಲೆ ಪಿಜಿಯ ರಿಜಿಸ್ಟರಿನಲ್ಲಿ ಇರಬೇಕೆಂದು ಬರೆಸಿದರು. ಹೆಸರು ಜಾಮೂನು. ಖಾಯಂ ವಿಳಾಸ ಆರ್.ಟಿ. ನಗರ. ಊಟ, ವೆಜ್ಜೋ ನಾನ್‌ವೆಜ್ಜೋ? ನಾನ್‌ವೆಜ್.

ಬದುಕಿದೆ. ನೆಮ್ಮದಿಯಾಗಿ ನಿದ್ದೆ ಬರಬೇಕು ಇವತ್ತು. ಅವಳಿಗೂ ಎರಡು ಕಾಳು ಜಾಸ್ತಿ ಹಾಕಿದೆ.

ಜುಲೈ 19, ಶುಕ್ರವಾರ

ಅತ್ತ ದರಿ, ಇತ್ತ ಪುಲಿ. ಬೆಳಿಗ್ಗೆ ನೋಡಿದರೆ ಜಾಮೂನಿನ ಹೊಟ್ಟೆ ಊದಿದೆ. ಈಜಲು ಆಗದೆ ಓರೆಯಾಗಿ ತೇಲುತ್ತಿದ್ದಾಳೆ. ಆಷಾಢ ಶುಕ್ರವಾರದ ಪೂಜೆ ಮುಗಿಸಿ ಪಟಾಲಮ್ಮನವರು ಮಂಗಳಾರತಿ ತಟ್ಟೆ ಹಿಡಿದುಕೊಂಡೇ ಬಂದರು. ನೋಡಿದರು. ತಟ್ಟೆ ಕೆಳಗಿಟ್ಟರು.

"ಶಾಂತಮ್ಮ. ಇವ್ಳು ಬಸ್ರಿ."

ನಾನು ಜಾಡಿಯ ಮೇಲೆ ಬಗ್ಗಿದೆ.

"ಎಣ್ಣು ಅಂತ ನೀನೇ ತೋರ್ಸ್ದೆ. ಬಂದಾಗ ಸಣ್ಣಗಿದ್ಲು. ನಿನ್ ರೂಮ್‌ನಾಗೆ ಇದ್ಲು, ಬಾಗ್ಲಿಗೆ ಚಿಲ್ಕ. ಈಗ ಬಸ್ರಿ. ಅಂಗಾದ್ರೆ ಗಂಡ್ಯಾವ್ದು? ಎಲ್ಲಿಂದ ಬಂತು? ಯಾವಾಗ ಬಂತು?"

"ಅಮ್ಮಾ, ಇದು ಜಾಡಿಯೊಳಗೆ ಒಂದೇ ಇದೆ..."

"ಅದನ್ನೇ ನಾನೂ ಕೇಳ್ತಿರಾದು!"

ಗಂಡಾದರೆ ಗಂಡು ಒಳಗಿದೆ ಎಂದು ನಾನು ಹೊರಗೆ. ಹೆಣ್ಣಾದರೆ ಗಂಡೊಂದು ಬಂದು ಹೋಗಿದೆ ಎಂದು ನಾನು ಹೊರಗೆ. ಪಟಾಲಮ್ಮನವರು ಗೇಟಿಗೆ ಹೋಗಿ ಟೀ ಅಂಗಡಿಯ ಕಡೆ ಕೂಗಿದರು, "ಏನ್ರೀ, ನೀವೇನಾರಾ ನಮ್ ಗೇಟೊಳಕ್ಕೆ ಬಂದಿದ್ರಾ?"

ಚಿಕ್ಕಬೈರಪ್ಪನವರು ಟೀ ಲೋಟ ಹಿಡಿದು ಎದ್ದು ನಿಂತರು. "ಇಲ್ಲ ಕಣಮ್ಮಿ, ನಾನ್ಯಾಕ್ ಬರ್ಲಿ? ಏನಾಯ್ತು?"

"ಮೀನು ಬಸ್ರಾಗವ್ಳೆ!"

ಟೀ ಅಂಗಡಿಯಲ್ಲಿದ್ದವರೆಲ್ಲ ಚಿಕ್ಕಬೈರಪ್ಪನವರನ್ನೇ ನೋಡಿದರು. ಪಾಪದ ಮನುಷ್ಯ, ಮುಖ ಕೆಂಪಗೆ ಮಾಡಿಕೊಂಡು "ನಾನಲ್ಲ" ಎಂದರು.

ಜುಲೈ 20, ಶನಿವಾರ

ಖುದ್ದೂಸ್ ಸಾಹೇಬರಿಗೆ ಫೋನ್ ಮಾಡಿದೆ. "ಬಸುರಿ ಅಲ್ಲ ಅಮ್ಮಾ, ಹೊಟ್ಟೆ ಕಟ್ಟಿದೆ. ಊಟ ಜಾಸ್ತಿ ಆಗಿದೆ. ಎರಡು ದಿನ ಏನೂ ಹಾಕ್ಬೇಡಿ. ಆದ್ರೂ ಇಳೀಲಿಲ್ಲ ಅಂದ್ರೆ ಬದುಕೋದು ಕಷ್ಟ," ಅಂದರು. ಕೇಳಿ ಭಯವಾಯಿತು. ಕೆಲಸದ ಭಯ ಅಲ್ಲ, ಇದು ಬೇರೆ. ಯಾಕೋ ಗೊತ್ತಿಲ್ಲ.

ಎಲ್ಲರನ್ನೂ ನನ್ನ ಕೋಣೆಗೆ ಕರೆದೆ. ಮೀನಿಗೆ ಊಟ ಹಾಕಿದವರು ಯಾರು ಎಂದು ಗದರಿದೆ. ನಾನು ತರಕಾರಿಗೆ ಹೋದಾಗ ರುಖ್ಸಾರ್ ಹಾಕಿದ್ದಳು. ಬೇಜಾರಾಗಿದೆಯೇನೋ ಎಂದು ನಯನಾ ಹಾಕಿದ್ದಳು. ಅಡುಗೆಯ ಈರವ್ವ ರಾಗಿಮುದ್ದೆಯ ಚೂರು ಹಾಕಿದ್ದಳು, "ಫೈಟರ್ ಅಂದ್ರಿ, ಶಕ್ತಿ ಬ್ಯಾಡ್ವಾ?" ಎಂದಳು. ನಾನೇ ದಿನಕ್ಕೆ ಮೂರು ಸಲ ಹಾಕುತ್ತಿದ್ದೆ. ನಾನಿಲ್ಲದಾಗ ಪಟಾಲಮ್ಮನವರೂ ಬಂದು ಹಾಕಿ ಹೋಗುತ್ತಿದ್ದರೆಂದು ಈರವ್ವನೇ ಹೇಳಿದಳು. ಈ ಕಟ್ಟಡದಲ್ಲಿ ಎಲ್ಲರಿಗೂ ಯಾರಿಗಾದರೂ ಉಣಿಸಬೇಕೆಂಬ ಆಸೆ ಇತ್ತು. ಸಿಕ್ಕಿದ್ದು ಅದೊಂದೇ ಬಾಯಿ.

ಹುಡುಗಿಯರು ಎದ್ದು ಹೋಗಲಿಲ್ಲ. ಮಂಚದ ಮೇಲೆ, ನೆಲದ ಮೇಲೆ ಕೂತು ಜಾಡಿಯನ್ನೇ ನೋಡುತ್ತಿದ್ದರು. ನಾನು ಟೀ ಮಾಡಿದೆ. ಲೋಟ ಸಾಲದೆ ಸ್ಟೀಲ್ ಬಟ್ಟಲಿನಲ್ಲೂ ಕೊಟ್ಟೆ. ಬಾಗಿಲು ತೆರೆದೇ ಇತ್ತು.

ಅಣ್ಣನ ಫೋನ್ ಎರಡು ಸಲ ಬಂದಿತ್ತಂತೆ. ಕೇಳಿಸಲಿಲ್ಲ.

ಜುಲೈ 21, ಭಾನುವಾರ

ಉಪವಾಸ.

ನಾನೂ ರಾತ್ರಿ ಊಟ ಬಿಟ್ಟೆ. ಹಸಿವಿರಲಿಲ್ಲ.

ಜುಲೈ 23, ಮಂಗಳವಾರ

ಹೊಟ್ಟೆ ಇಳಿಯಿತು! ನೆಟ್ಟಗೆ ಈಜುತ್ತಿದ್ದಾಳೆ. ರುಖ್ಸಾರ್ ಕುಣಿದಳು, ನನ್ನ ಕೈ ಹಿಡಿದು ನನ್ನನ್ನೂ ತಿರುಗಿಸಿದಳು, ಸೊಂಟ ಹಿಡಿದುಕೊಂಡಿದೆ. ಪಟಾಲಮ್ಮನವರಿಗೆ ತೋರಿಸಿ, ಬಸುರಿ ಅಲ್ಲ, ಅಜೀರ್ಣ ಎಂದೆ. ಅವರು ಟೀ ಅಂಗಡಿಯ ಕಡೆ ನೋಡಿ "ಏನಿಲ್ಲ, ಕೂತ್ಕಳಿ" ಎಂದು ಕೂಗಿದರು. ಚಿಕ್ಕಬೈರಪ್ಪನವರು ನಾಲ್ಕು ದಿನದ ಮೇಲೆ ಟೀ ಅಂಗಡಿಗೆ ಬಂದಿದ್ದು ಇವತ್ತೇ.

ಜುಲೈ 25, ಗುರುವಾರ

ಎದ್ದು ನೋಡುತ್ತೇನೆ, ನೀರಿನ ಮೇಲೆ ಒಂದು ಮೂಲೆಯಲ್ಲಿ ನೊರೆ. ಸಣ್ಣ ಸಣ್ಣ ಗುಳ್ಳೆಗಳನ್ನು ಒಂದಕ್ಕೊಂದು ಅಂಟಿಸಿ, ರೂಪಾಯಿ ನಾಣ್ಯದಷ್ಟು ಅಗಲ. ಅದರ ಕೆಳಗೆ ಜಾಮೂನು ಕಾವಲು ನಿಂತಿದ್ದ.

ಗೂಡು. ಗಂಡು.

ಆ ಚುಕ್ಕೆ ಸುಳ್ಳು ಹೇಳಿತ್ತು. ಪಟಾಲಮ್ಮನವರ ಚಪ್ಪಲಿ ಸದ್ದು ಅಂಗಳದಲ್ಲಿ ಕೇಳಿತು. ಚಮಚ ತೆಗೆದುಕೊಂಡು ನೊರೆಯನ್ನು ಬಾಚಿ ಕಿಟಕಿಯಿಂದ ಆಚೆ ಹಾಕಿದೆ. ಸ್ವಲ್ಪ ಉಳಿದುಹೋಗಿತ್ತು.

"ಅದೇನ್ ನೊರೆ?" ಎಂದರು.

"ಸೋಪಿಂದು. ಜಾಡಿ ತೊಳೆದಿದ್ದೆ."

ಹದಿನೈದು ದಿನದ ಹಿಂದೆ ನಾನೇ ಓಡಿ ಹೋಗಿ ಹೇಳಿದ್ದೆನಲ್ಲ, ಇವತ್ತು ಹೇಳಬೇಕು ಅನ್ನಿಸಲೇ ಇಲ್ಲ. ಕೆಲಸ ಮುಖ್ಯ, ಅದಕ್ಕೇ ಇರಬೇಕು.

ಜುಲೈ 26, ಶುಕ್ರವಾರ

ಮತ್ತೆ ಕಟ್ಟಿದ್ದಾನೆ. ಮತ್ತೆ ತೆಗೆದೆ.

ಜುಲೈ 27, ಶನಿವಾರ

ಮತ್ತೆ. ಹೆಂಡತಿ ಇಲ್ಲ, ಮರಿ ಇಲ್ಲ, ಬರುವವರೂ ಇಲ್ಲ. ಯಾರಿಗೋಸ್ಕರ ಕಟ್ಟುತ್ತೀಯೋ ಎಂದು ಗಟ್ಟಿಯಾಗಿಯೇ ಕೇಳಿದೆ. ಚಮಚ ಹಿಡಿದು ನಿಂತೆ. ಜಾಡಿಯೊಳಗೆ ಅವನಿಗೆ ಅಂತ ಇರುವುದು ಅದೊಂದೇ ಮೂಲೆ. ದಿನಾ ಬೆಳಿಗ್ಗೆ ಯಾರೋ ಬಂದು ಕೆಡವಿದರೆ ಹೇಗಿರುತ್ತದೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬಾಗಲಗುಂಟೆಯಲ್ಲಿ ನನ್ನ ಮಂಚದ ಮೇಲೆ ಒಗೆದ ಬಟ್ಟೆಯ ರಾಶಿ, ಅಕ್ಕಿ ಮೂಟೆ, ಒಣ ಹಾಕಿದ ಹಪ್ಪಳ. ನಾನು ಮಲಗಬೇಕೆಂದರೆ ಮೊದಲು ಎಲ್ಲ ಎತ್ತಿಡಬೇಕಿತ್ತು.

ಚಮಚ ತೊಳೆದು ಇಟ್ಟೆ. ಜಾಡಿಯ ಮುಂದೆ ಕ್ಯಾಲೆಂಡರ್ ನಿಲ್ಲಿಸಿದ್ದೇನೆ, ಗೂಡು ಕಾಣುವುದಿಲ್ಲ.

ಜುಲೈ 30, ಮಂಗಳವಾರ

ಅಣ್ಣ ಫೋನಿನಲ್ಲಿ ಕೂಗಾಡಿದ. "ಫೋನ್ ಎತ್ತಕ್ಕೂ ಆಗಲ್ವಾ ನಿಂಗೆ? ಸೋಮ್ವಾರ ಶ್ರಾವಣ. ಲಗೇಜ್ ಆಟೋ ಹೇಳಿದೀನಿ. ಮೀನು ಗಂಡಾಗ್ಲಿ, ಹೆಣ್ಣಾಗ್ಲಿ, ನೀನು ಬರೋದೇ. ಮನೇಲಿ ಕೆಲ್ಸ ಬಿದ್ದಿದೆ."

ನಾನು ಈರುಳ್ಳಿ ಹೆಚ್ಚುತ್ತಿದ್ದೆ, ಕೂತೇ ಮಾತಾಡಿದೆ. ಹೂಂ ಅಂದೆನೋ ಇಲ್ಲವೋ ನೆನಪಿಲ್ಲ. ಆಮೇಲೆ ಸುಮ್ಮನೆ ಅಳು ಬಂತು. ಈರುಳ್ಳಿ ಮುಗಿದಿತ್ತು.

ಆಗಸ್ಟ್ 1, ಗುರುವಾರ

ಆಶಾ ಕಾರ್ಯಕರ್ತೆ ಬಂದು ನೀರಿನ ಡ್ರಮ್‌ಗಳಿಗೆ ಟಾರ್ಚ್ ಬಿಟ್ಟು ನೋಡಿದಳು. ಎಲ್ಲೆಲ್ಲೂ ಡೆಂಗ್ಯೂ. ಹಿತ್ತಲಿನ ಡ್ರಮ್‌ನಲ್ಲಿ ಸೊಳ್ಳೆ ಮರಿಗಳು ಥಕಥೈ ಕುಣಿಯುತ್ತಿದ್ದವು. ಪಟಾಲಮ್ಮನವರಿಗೆ ಚೆನ್ನಾಗಿ ಬೈದಳು. "ಇಷ್ಟ್ ಹೆಣ್ಮಕ್ಳಿದಾರೆ, ಒಬ್ರಿಗೆ ಜ್ವರ ಬಂದ್ರೆ ಅವ್ರ ಅಪ್ಪಂಗೆ ಏನ್ ಹೇಳ್ತೀರಾ? ನೀರು ಚೆಲ್ಲಿ. ಇಲ್ಲಾ ಮೀನಾದ್ರೂ ಬಿಡಿ, ಮರಿ ತಿನ್ನುತ್ವೆ."

ಅಪ್ಪಂದಿರ ಹೆಸರು ಕೇಳಿ ಪಟಾಲಮ್ಮನವರ ಮುಖ ಬಿಳಿಚಿಕೊಂಡಿತು. ನಾಳೆಯೇ ತೊಳೆಸುತ್ತೇನೆ ಎಂದರು. ನಾನು ಒಂದು ಚೊಂಬು ಮರಿಗಳನ್ನು ಎತ್ತಿಟ್ಟುಕೊಂಡು ಮೇಲೆ ತಟ್ಟೆ ಮುಚ್ಚಿದೆ. ಒಂದು ಯೋಚನೆ ಬಂದಿದೆ. ಈಗಲೇ ಬರೆಯುವುದಿಲ್ಲ.

ಆಗಸ್ಟ್ 4, ಭಾನುವಾರ, ಭೀಮನ ಅಮಾವಾಸ್ಯೆ

ಇವತ್ತಿಗೆ ಆಷಾಢ ಮುಗಿಯಿತು. ಪಟಾಲಮ್ಮನವರು ಮನೆಯಲ್ಲಿ ಗಂಡನ ಪಾದಪೂಜೆ ಮುಗಿಸಿ, ಕೈಯ ಅರಿಶಿನ ಆರುವ ಮುಂಚೆಯೇ ಬಂದರು. ದೇವಿಯ ಪಟ ಇಟ್ಟು ಕರ್ಪೂರ ಹಚ್ಚಿದರು. ಹುಡುಗಿಯರೆಲ್ಲ ಸುತ್ತ ನಿಂತರು. ರುಖ್ಸಾರ್ ಬಾಯಿಗೆ ದುಪಟ್ಟಾ ಒತ್ತಿಕೊಂಡಿದ್ದಳು.

"ಈಗ ಏಳು ಶಾಂತಮ್ಮ. ದೇವ್ರು ಕೇಳ್ತಾವ್ಳೆ. ಗಂಡೋ ಎಣ್ಣೋ?"

ಹೆಣ್ಣು ಎಂದಿದ್ದರೆ ಮುಗಿಯುತ್ತಿತ್ತು. ರಿಜಿಸ್ಟರಿನಲ್ಲಿ ಹಾಗೇ ಇದೆ. ಆದರೆ ಹಾಗೆ ಹೇಳಿದರೆ ದಿನಾ ಅವನ ಗೂಡು ಕೆಡವಬೇಕು. ಜಾಡಿಯ ಮುಂದಿನ ಕ್ಯಾಲೆಂಡರ್ ತೆಗೆದೆ. ಗೂಡು ಈಗ ಅಂಗೈಯಷ್ಟು ಆಗಿದೆ.

"ಗಂಡು ಅಮ್ಮಾ," ಅಂದೆ. "ಸೋಪು ಅಂತ ಹೇಳಿದ್ದು ಸುಳ್ಳು."

ರುಖ್ಸಾರ್ ಜೋರಾಗಿ ಅತ್ತಳು. ಪಟಾಲಮ್ಮನವರು ಬಾಯಿ ತೆರೆದರು. ಅವರು ಮಾತಾಡುವ ಮುಂಚೆ ನಾನೇ ಮಾತಾಡಿದೆ. ಇಷ್ಟು ಗಟ್ಟಿಯಾಗಿ ಯಾವತ್ತೂ ಮಾತಾಡಿದ ನೆನಪಿಲ್ಲ.

"ಆದ್ರೆ ಇವನು ಸುಮ್ನೆ ಇರೋಕೆ ಬಂದಿಲ್ಲ. ಕೆಲಸಕ್ಕೆ ಬಂದಿದಾನೆ. ಕೆಲಸಕ್ಕೆ ಬಂದೋರು ಗಂಡಸರ ಲೆಕ್ಕಕ್ಕಿಲ್ಲ ಅಂತ ನಿಯಮ ಮಾಡಿದ್ದು ನೀವೇ."

"ಮೀನಿಗೇನ್ ಕೆಲ್ಸ?"

ಚೊಂಬಿನ ನೀರನ್ನು ಗೂಡಿಗೆ ತಾಗದಂತೆ ಮೆಲ್ಲಗೆ ಜಾಡಿಗೆ ಸುರಿದೆ. ಸೊಳ್ಳೆ ಮರಿಗಳು ಕುಣಿಯತೊಡಗಿದವು. ಜಾಮೂನು ಒಂದು ಕ್ಷಣ ಗಡ್ಡ ಬಿಟ್ಟು ನೋಡಿದ. ಆಮೇಲೆ ಟಪ್ಪನೆ ಒಂದು. ಟಪ್ಪನೆ ಇನ್ನೊಂದು. ಕೊನೆಯದನ್ನೂ ಅಟ್ಟಿಸಿಕೊಂಡು ಹೋಗಿ ನುಂಗಿ, ಗೂಡಿನ ಕೆಳಗೆ ಹೋಗಿ ನಿಂತ.

ಪಟಾಲಮ್ಮನವರು ದೇವಿಯನ್ನು ನೋಡಿದರು, ಮೀನನ್ನು ನೋಡಿದರು, ಕರ್ಪೂರ ಆರುವವರೆಗೆ ಕಣ್ಣು ಮುಚ್ಚಿ ನಿಂತರು.

"ಕೆಲಸ್ದೋನೇಯ," ಅಂದರು. "ಆದ್ರೆ ಗೇಟ್‌ನಾಗೆ ಏಳಿ ಬಂದಿಲ್ವಲ್ಲ. ಆಚೀಕ್ ತಕಂಡೋಗು."

ಜಾಡಿ ಎತ್ತಿಕೊಂಡು ರಸ್ತೆಗೆ ಹೋದೆ. ಹುಡುಗಿಯರೆಲ್ಲ ಹಿಂದೆ. ಪಟಾಲಮ್ಮನವರು ಒಳಗೆ ನಿಂತು ಗೇಟು ಹಾಕಿದರು. ಆಮೇಲೆ ಸರಳುಗಳ ಸಂದಿಯಿಂದ ಜಾಮೂನಿನ ಮುಖ ನೋಡಿ ಕೇಳಿದರು, "ಯಾರಪ್ಪ ನೀನು? ಏನ್ ಕೆಲ್ಸ?"

ಅವನು ಗಡ್ಡ ಬಿಟ್ಟ.

"ಸೊಳ್ಳೆ ಕೆಲಸ," ಎಂದು ನಾನು ಹೇಳಿದೆ.

"ಸರಿ, ಬಾ." ಗೇಟು ತೆರೆಯಿತು. ಡ್ರಮ್ಮಿನಲ್ಲಿ ಕಾಣುವ ಮರಿಯನ್ನೆಲ್ಲ ದಿನಾ ಚೊಂಬಿನಲ್ಲಿ ಎತ್ತಿ ಅವನ ಮುಂದೆ ಸುರಿಯುವುದು ಎಂದು ತೀರ್ಮಾನವಾಯಿತು. ಅವನ ಮೇಲಿನ ಸೂಪರ್‌ವೈಸರ್ ನಾನು. ಅಂದರೆ ನನ್ನ ಕೆಲಸ ಉಳಿಯಿತು.

ಎದುರಿನಿಂದ ಚಿಕ್ಕಬೈರಪ್ಪನವರು ಕುರ್ಚಿ ಬಿಟ್ಟು ಎದ್ದು ಬಂದಿದ್ದರು. ಹಣೆಯ ಮೇಲೆ ಪೂಜೆಯ ಅಕ್ಷತೆ ಇನ್ನೂ ಇತ್ತು. "ಲೇ, ಬೆಳಿಗ್ಗೆ ತಾನೇ ನನ್ ಕಾಲ್ ತೊಳ್ದೆ. ಮೀನ್ನ ಬಿಟ್ಕಂಡೆ, ನನ್ನ ಬಿಟ್ಕಳಾಕಿಲ್ವಾ?"

"ಏನ್ ಕೆಲ್ಸ ಬತ್ತದೆ ಏಳಿ, ಬಿಟ್ಕತೀನಿ."

ಚಿಕ್ಕಬೈರಪ್ಪನವರು ಯೋಚಿಸಿದರು. ಸಂಜೆ ನಾನು ಗೇಟು ಹಾಕುವಾಗಲೂ ಕುರ್ಚಿಯಲ್ಲಿ ಕೂತು ಯೋಚಿಸುತ್ತಲೇ ಇದ್ದರು.

ಆಗಸ್ಟ್ 5, ಸೋಮವಾರ

ಅಣ್ಣ ಬಂದಿದ್ದ. ಲಗೇಜ್ ಆಟೋ ಸಮೇತ. ನಾನು ಜಾಮೂನಿನ ನೀರು ಬದಲಿಸುತ್ತಿದ್ದೆ. ಗೂಡು ಕದಡದಂತೆ ಒಂದೊಂದೇ ಬಟ್ಟಲು ನೀರು ತೆಗೆಯಬೇಕು, ಅದಕ್ಕೆ ತಡವಾಯಿತು. ಹಾರ್ನ್ ಮೇಲೆ ಹಾರ್ನ್. ಕೈ ಒರೆಸಿಕೊಂಡು ಗೇಟಿಗೆ ಹೋದೆ.

"ಎಲ್ಲೇ ನಿನ್ ಟ್ರಂಕು? ತೆಗಿ ಗೇಟು, ನಾನೇ ಎತ್ಕೊಂಡ್ ಬರ್ತೀನಿ. ಆಟೋ ಕಾಯ್ತಿದೆ," ಎಂದು ಸರಳಿಗೆ ಕೈ ಹಾಕಿದ.

ಬಾಯಿಗೆ ಬಂದಿದ್ದು ದಿನಾ ಎಲ್ಲರಿಗೂ ಕೇಳುವ ಪ್ರಶ್ನೆಯೇ.

"ಏನ್ ಕೆಲ್ಸ?"

"ಏನು?"

"ನಿಮಗೆ ಒಳಗೆ ಏನ್ ಕೆಲ್ಸ ಅಣ್ಣಾ?"

"ಕೆಲ್ಸವಾ? ತಲೆ ಕೆಟ್ಟಿದೆಯಾ? ನಾನ್ ನಿನ್ ಅಣ್ಣ ಕಣೇ!"

"ಅಣ್ಣ ಅನ್ನೋದು ಕೆಲ್ಸ ಅಲ್ಲ. ಪ್ಲಂಬಿಂಗ್ ಬರುತ್ತಾ? ಕರೆಂಟಿಂದು?"

ಅಣ್ಣನ ಎರಡೂ ಕಿವಿ ಕೆಂಪಾದವು, ಕತ್ತು ಊದಿತು. ಜಾಮೂನಿನ ನೆನಪಾಗಿ ನಗು ಬಂತು. ಈ ಸಲ ಕೆಮ್ಮಲಿಲ್ಲ. ಹಿಂದೆ ಮಹಡಿಯ ಕಿಟಕಿಗಳಲ್ಲಿ ಹುಡುಗಿಯರು ನಿಂತಿದ್ದರು. ನಯನಾ ಮೇಲಿಂದ "ಅಕ್ಕಾ, ಏನಾದ್ರೂ ಪ್ರಾಬ್ಲಮ್ಮಾ?" ಎಂದು ಕೂಗಿದಳು. ಇಲ್ಲ ಎಂದೆ. ಎದುರಿನಿಂದ ಚಿಕ್ಕಬೈರಪ್ಪನವರು ಅಣ್ಣನಿಗೆ ಇನ್ನೊಂದು ಪ್ಲಾಸ್ಟಿಕ್ ಕುರ್ಚಿ ಎಳೆದು ಹಾಕಿದರು. "ಬನ್ನಿ ಯಜಮಾನ್ರೇ, ಕೂತ್ಕಳಿ, ನಾನೂ ಅದ್ನೇ ಯೋಚ್ನೆ ಮಾಡ್ತಾವ್ನಿ," ಎಂದರು.

ಅಣ್ಣ ಕೂರಲಿಲ್ಲ. "ಏನಾದ್ರೂ ಮಾಡ್ಕೋ, ನಿನ್ ಹಣೆಬರಹ," ಎಂದು ಏನೇನೋ ಅಂದು ಆಟೋ ಹತ್ತಿದ. ಆಟೋ ಸಹಕಾರನಗರದ ಕಡೆ ತಿರುಗುವವರೆಗೂ ನಿಂತಿದ್ದೆ. ಕೈ ಗೇಟಿನ ಮೇಲೇ ಇತ್ತು. ಮಾರ್ಚಿನಿಂದ ದಿನಾ ಹಾಕಿ ತೆಗೆದು ಮಾಡಿದರೂ ಗಮನಿಸಿರಲಿಲ್ಲ, ಗೇಟಿನ ಚಿಲಕವೂ ಒಳಗಡೆಯೇ ಇದೆ.

ಬಂದು ಉಳಿದ ನೀರು ಹಾಕಿದೆ. ಗೂಡು ಒಂದಿಷ್ಟೂ ಕದಡಿಲ್ಲ.